ಮೊದಲ ನಡೆಯ ವಿಚಾರ

ಚಿತ್ತಾಪುರದ ಒಂದು ಮನೆಯ ಪಡಸಾಲೆಯಲ್ಲಿ, ಶಹಾಬಾದಿನ ಹಾಸುಗಲ್ಲಿನ ಮೇಲೆ ಅರವತ್ತನಾಲ್ಕು ಮನೆಗಳನ್ನು ಉಳಿಯಿಂದ ಕೊರೆದು ಮಾಡಿದ ಚದುರಂಗದ ಹಾಸೊಂದಿದೆ. ಹಳೆಯ ಅಷ್ಟಾಪದದಂತೆ ಅದರಲ್ಲಿ ಗೆರೆಗಳಷ್ಟೇ ಉಂಟು, ಕಪ್ಪು ಬಿಳುಪಿನ ಭೇದವಿಲ್ಲ. ಆದುದರಿಂದ ಒಂಟೆಯ ಓರೆದಾರಿಯನ್ನು ಹೊಸಬರು ಬೆರಳಿಟ್ಟು ಎಣಿಸುತ್ತಾರೆ, ಹಳಬರು ನೋಡಿದೊಡನೆ ಕಾಣುತ್ತಾರೆ. ಆದಿತ್ಯವಾರಗಳಂದು ಅದರ ಸುತ್ತ ಕೂಡುವ ನಾಲ್ವರನ್ನು ಅವರವರ ಊರಿನಿಂದಲೇ ಕರೆಯುತ್ತೇನೆ. ಸೇಡಮಿನವರು ನಿವೃತ್ತ ಗಣಿತೋಪಾಧ್ಯಾಯರು. ಶಹಾಬಾದಿನವರು ಕಲ್ಲಿನ ವ್ಯಾಪಾರದಲ್ಲಿರುವವರು, ಆಟದಲ್ಲಿ ಸಾಹಸಪ್ರಿಯರು. ಚಿಂಚೋಳಿಯವರು ತೊಗರಿ ಬೆಳೆಯುವ ರೈತರು, ಮನೆಯ ಹಿರಿಯರಿಂದ ದೇಸಿ ಪದ್ಧತಿಯ ಶತ್‌ರಂಜ್ ಕಲಿತವರು. ವಾಡಿಯವನು ಸಿಮೆಂಟ್ ಕಾರ್ಖಾನೆಯಲ್ಲಿ ಪಾಳಿಯ ಕೆಲಸ ಮಾಡುವ ತರುಣ, ಈಚೆಗೆ ಶ್ರೇಯಾಂಕದ ಪಂದ್ಯಗಳಿಗೆ ಹೋಗತೊಡಗಿದವನು. ಮಾತು ಮೊದಲಾದದ್ದು ಅವನ ಪ್ರಶ್ನೆಯಿಂದ.

ವಾಡಿಯವನು: ನಾನು ಯಾವ ಆರಂಭವನ್ನು ಆಡಬೇಕು, ಹೇಳಿ. ಒಬ್ಬರು ಸಿಸಿಲಿಯನ್ ಎನ್ನುತ್ತಾರೆ, ಇನ್ನೊಬ್ಬರು ಫ್ರೆಂಚ್ ಎನ್ನುತ್ತಾರೆ, ಮತ್ತೊಬ್ಬರು ಬಿಳಿಗೆ ಲಂಡನ್ ಪದ್ಧತಿಯೊಂದಿದ್ದರೆ ಜನ್ಮಕ್ಕೆಲ್ಲ ಸಾಕು ಎನ್ನುತ್ತಾರೆ. ಪಾಳಿ ಮುಗಿದ ಮೇಲೆ ನನಗೆ ದಿನಕ್ಕೆ ಒಂದು ಗಂಟೆಯ ಬಿಡುವು ದೊರೆತರೆ ಅದೇ ಹೆಚ್ಚು. ಆ ಗಂಟೆಯನ್ನು ಯಾವುದಕ್ಕೆ ಕೊಡಲಿ?

ಶಹಾಬಾದಿನವರು: ಗೆಲ್ಲಿಸುವುದಕ್ಕೆ ಕೊಡು. 2008ರಲ್ಲಿ ಜರ್ಮನಿಯ ಬಾನ್ ನಗರದಲ್ಲಿ ಆನಂದ್ ಕ್ರಾಮ್ನಿಕ್‌ನನ್ನು ಎದುರಿಸಿದಾಗ ಏನು ಮಾಡಿದರು? ಬಾಳೆಲ್ಲ ಇ4 ಆಡಿದವರೆಂದು ಹೆಸರಾಗಿದ್ದವರು ಬಿಳಿ ಹಿಡಿದಾಗ ಡಿ4 ಆಡಿದರು. ಕಪ್ಪು ಹಿಡಿದು ಮೂರನೆಯ ಆಟವನ್ನೂ ಐದನೆಯ ಆಟವನ್ನೂ ಸೆಮಿ-ಸ್ಲಾವ್‌ನ ಮೆರಾನ್ ಮಾರ್ಗದಲ್ಲಿ ಗೆದ್ದರು. ವಿಶ್ವಪಟ್ಟವೇ ಆರಂಭದ ಸಿದ್ಧತೆಯಿಂದ ಉಳಿಯಿತೆಂದ ಮೇಲೆ, ಆರಂಭದಿಂದ ಗೆಲುವು ಬರುವುದಿಲ್ಲವೆಂದು ಯಾರು ಹೇಳಬಲ್ಲರು?

ಸೇಡಮಿನವರು: ಬರುತ್ತದೆ, ಆದರೆ ಆನಂದ್ ಸಿದ್ಧತೆ ನಡೆಸಿದ್ದು ಒಬ್ಬನೇ ಒಬ್ಬ ಎದುರಾಳಿಗಾಗಿ, ತಿಂಗಳುಗಟ್ಟಲೆ, ಸಹಾಯಕರ ಒಂದು ಗುಂಪನ್ನೇ ಕಟ್ಟಿಕೊಂಡು. ನಮ್ಮ ಹುಡುಗನ ಮುಂದೆ ಯಾರು ಬಂದು ಕೂರುತ್ತಾರೆಂಬುದು ಸುತ್ತಿನ ಪಟ್ಟಿಯನ್ನು ಗೋಡೆಗೆ ಅಂಟಿಸುವವರೆಗೆ ಅವನಿಗೂ ತಿಳಿಯದು, ಅಂಟಿಸುವವನಿಗೂ ತಿಳಿಯದು. ಅವನು ನೈಡಾರ್ಫ್ ಸಿಸಿಲಿಯನ್ನಿನ ಹದಿನೈದು ನಡೆಗಳನ್ನು ಕಂಠಸ್ಥ ಮಾಡಿಕೊಂಡು ಹೋಗುತ್ತಾನೆ. ಎದುರಿನವನು ಎರಡನೆಯ ನಡೆಯಲ್ಲೇ ಸಿ3 ಎಂದು ಒಂದು ಕಾಲಾಳನ್ನು ಒಂದು ಮನೆ ನೂಕಿಬಿಟ್ಟರೆ ಕಂಠಪಾಠವೆಲ್ಲ ಅಲ್ಲಿಗೆ ಮುಗಿಯಿತು. ಲೆಕ್ಕವನ್ನೇ ನೋಡಿ. ಬಿಳಿಗೆ ಮೊದಲ ನಡೆಯಲ್ಲಿ 20 ಮಾರ್ಗಗಳು: ಕಾಲಾಳುಗಳವು 16, ಕುದುರೆಗಳವು 4. ಕಪ್ಪೂ ಒಮ್ಮೆ ಆಡುವಷ್ಟರಲ್ಲಿ ಅವು 400 ಆಗುತ್ತವೆ. ಬಿಳಿಯ ಎರಡನೆಯ ನಡೆಗೆ 8,902. ಕಪ್ಪಿನ ಎರಡನೆಯ ನಡೆ ಮುಗಿಯುವ ಹೊತ್ತಿಗೆ 1,97,281. ಸೇಡಂ ತಾಲೂಕಿನ ಮಳಖೇಡ ಮಾನ್ಯಖೇಟವೆಂಬ ರಾಷ್ಟ್ರಕೂಟ ರಾಜಧಾನಿಯಾಗಿದ್ದಾಗ, ಅಮೋಘವರ್ಷ ನೃಪತುಂಗನ ಆಶ್ರಯದಲ್ಲಿ ಗಣಿತಸಾರಸಂಗ್ರಹವನ್ನು ಬರೆದ ಮಹಾವೀರಾಚಾರ್ಯನು, ಇಷ್ಟು ವಸ್ತುಗಳಲ್ಲಿ ಇಷ್ಟನ್ನು ಆರಿಸುವ ಬಗೆಗಳೆಷ್ಟೆಂಬುದಕ್ಕೆ ಸಾಮಾನ್ಯ ಸೂತ್ರವನ್ನೇ ಕೊಟ್ಟನು. ಆ ನೆಲದ ನೀರು ಕುಡಿದವರಾದ ನಾವಾದರೂ ಸಂಖ್ಯೆಗಳು ಎಷ್ಟು ವೇಗವಾಗಿ ಕೈಮೀರಿ ಬೆಳೆಯುತ್ತವೆಂಬುದನ್ನು ಮರೆಯಬಾರದು. ಸ್ಮೃತಿಯನ್ನು ನಂಬಿ ಆರಂಭವನ್ನು ಆರಿಸುವವನು ಈ ಗುಣಾಕಾರದೊಡನೆ ಜಗಳಕ್ಕೆ ನಿಂತಂತಾಯಿತು.

ಚಿಂಚೋಳಿಯವರು: ನಮ್ಮ ಮನೆಯ ಆಟದಲ್ಲಿ ಈ ತೊಂದರೆಯೇ ಇರಲಿಲ್ಲ. ಪ್ಯಾದೆ ಒಂದೊಂದೇ ಮನೆ ಸಾಗುತ್ತಿತ್ತು, ಎರಡು ಮನೆಯ ಹಾರಿಕೆ ಇರಲಿಲ್ಲ. ಕೋಟೆ ಕಟ್ಟಿಕೊಳ್ಳುವ ನಡೆಗೆ ಬದಲಾಗಿ ರಾಜನಿಗೆ ಒಮ್ಮೆ ಕುದುರೆಯಂತೆ ನೆಗೆಯುವ ಹಕ್ಕಿತ್ತು. ಸೈನ್ಯ ಎದುರುಬದುರಾಗುವುದಕ್ಕೇ ಬಹಳ ಹೊತ್ತು ಬೇಕಾಗುತ್ತಿದ್ದುದರಿಂದ, ಮೊದಲ ಹತ್ತು ನಡೆಗಳನ್ನು ಯಾರೂ ಬಾಯಿಪಾಠ ಮಾಡುತ್ತಿರಲಿಲ್ಲ. ಆ ಆಟವನ್ನು ಕಲಿತೇ ಪಂಜಾಬಿನ ಸುಲ್ತಾನ್ ಖಾನ್ ಇಂಗ್ಲೆಂಡಿಗೆ ಹೋದದ್ದು. ಪುಸ್ತಕ ಓದಿದವನಲ್ಲ; ಪಾಶ್ಚಾತ್ಯರ ಆರಂಭಗಳು ಅವನಿಗೆ ಹೊಸವು. ಆದರೂ 1929, 1932, 1933 ಹೀಗೆ ಮೂರು ಸಲ ಬ್ರಿಟಿಷ್ ಚಾಂಪಿಯನ್ ಆದನು. ಹೇಸ್ಟಿಂಗ್ಸ್‌ನಲ್ಲಿ, 1930-31ರ ಕೂಟದಲ್ಲಿ, ಮಾಜಿ ವಿಶ್ವವಿಜೇತ ಕಾಪಾಬ್ಲಾಂಕಾನನ್ನೇ ಸೋಲಿಸಿದನು. ಅವನು ಜೀವಿಸಿದ್ದಾಗ ದೊರೆಯದ ಗೌರವ ಗ್ರಾಂಡ್‌ಮಾಸ್ಟರ್ ಬಿರುದನ್ನು ವಿಶ್ವ ಚದುರಂಗ ಸಂಸ್ಥೆ 2024ರಲ್ಲಿ ಕೊಟ್ಟಿತು.

ಶಹಾಬಾದಿನವರು: ಸುಲ್ತಾನ್ ಖಾನ್ ಒಬ್ಬ ಅಸಾಧಾರಣ ಪುರುಷ. ಆರಂಭ ತಿಳಿಯದಿದ್ದುದರಿಂದ ಅವನು ಎಷ್ಟು ಆಟಗಳಲ್ಲಿ ಮೊದಲೇ ಸಂಕಟಕ್ಕೆ ಸಿಲುಕಿ ಆಮೇಲೆ ಏಗಬೇಕಾಯಿತೆಂಬುದನ್ನೂ ಹೇಳಿ. ಅಸಾಧಾರಣನು ಸಂಕಟದಿಂದ ಎದ್ದು ಬರುತ್ತಾನೆ. ನಮ್ಮಂಥ ಸಾಮಾನ್ಯನು ಅಲ್ಲೇ ಉಳಿಯುತ್ತಾನೆ.

ಸೇಡಮಿನವರು: ಆ ಮಾತು ಒಪ್ಪತಕ್ಕದ್ದು. ಆರಂಭವನ್ನೇ ಕಲಿಯಬೇಡವೆಂದು ನಾನು ಹೇಳುವವನಲ್ಲ. ಯಾವುದನ್ನು ನೋಡಿ ಆರಿಸಬೇಕೆಂಬುದರಲ್ಲಿ ಮಾತ್ರ ನನ್ನ ಅಭಿಪ್ರಾಯ ಬೇರೆ. 2024ರ ಡಿಸೆಂಬರಿನಲ್ಲಿ ಸಿಂಗಪುರದಲ್ಲಿ ಹದಿನೆಂಟು ವರ್ಷದ ಗುಕೇಶ್ ವಿಶ್ವವಿಜೇತನಾದ ಸರಣಿಯನ್ನು ನೀವೆಲ್ಲ ನೋಡಿದಿರಿ. ಮೊದಲನೆಯ ಆಟದಲ್ಲಿ ಅವನು ಇ4 ಆಡಿದನು, ಡಿಂಗ್ ಲಿರೆನ್ ಫ್ರೆಂಚ್ ರಕ್ಷಣೆಯಿಂದ ಉತ್ತರಿಸಿ ಗೆದ್ದನು. ಆದರೆ ಪಟ್ಟ ನಿರ್ಣಯವಾದದ್ದು ಹದಿನಾಲ್ಕನೆಯ ಆಟದ ಐವತ್ತೈದನೆಯ ನಡೆಯಲ್ಲಿ, ಡಿಂಗ್ ತನ್ನ ಆನೆಯನ್ನು ಎಫ್2ಕ್ಕೆ ತಂದಾಗ; ಆನೆಗಳೂ ಒಂಟೆಗಳೂ ಬದಲಾಗಿ ರಾಜ-ಕಾಲಾಳುಗಳ ಅಂತ್ಯವೊಂದೇ ಉಳಿಯುವಂತಾದಾಗ. ಅಷ್ಟು ದೂರದ ಆ ಮನೆಗೂ ಮೊದಲ ನಡೆಗೂ ಸಂಬಂಧವೊಂದುಂಟು. ಕಾಯಿಗಳು ಬರುತ್ತವೆ, ಬದಲಾಗುತ್ತವೆ, ಹೋಗುತ್ತವೆ. ಕಾಲಾಳುಗಳು ಹಿಂದೆ ಸರಿಯಲಾರವು. ಮೊದಲ ಎಂಟು ಹತ್ತು ನಡೆಗಳಲ್ಲಿ ಅವು ಯಾವ ಆಕಾರದಲ್ಲಿ ನಿಂತವೋ ಅದೇ ಬಹುಮಟ್ಟಿಗೆ ಆಟದ ಕೊನೆಯವರೆಗೂ ಉಳಿಯುವ ಅಸ್ಥಿಪಂಜರ. ಆದುದರಿಂದ ಆರಂಭವನ್ನು ಆರಿಸುವುದೆಂದರೆ ಕಾಲಾಳುಗಳ ಅಸ್ಥಿಪಂಜರವೊಂದನ್ನು ಆರಿಸುವುದು. ಹೆಸರನ್ನು ಕೇಳಿಯೋ, ಯಾರು ಆಡುತ್ತಾರೆಂದು ನೋಡಿಯೋ ಆರಿಸಿದವನಿಗೆ ಹತ್ತನೆಯ ನಡೆಯ ನಂತರ ಮುಂದೇನೆಂಬುದೇ ತೋರುವುದಿಲ್ಲ.

ವಾಡಿಯವನು: ಹಾಗಾದರೆ ಲಂಡನ್ ಪದ್ಧತಿಯೇ ಉತ್ತಮವಲ್ಲವೇ? ಡಿ4, ಇ3, ಸಿ3 ಎಂಬ ಮೂರು ಕಾಲಾಳುಗಳ ಗೋಪುರ, ಒಂಟೆ ಎಫ್4ರಲ್ಲಿ. ಎದುರಿನವನು ಏನೇ ಆಡಲಿ, ಆಕಾರ ಕೆಡುವುದಿಲ್ಲ.

ಸೇಡಮಿನವರು: ರಾತ್ರಿಯ ಪಾಳಿ ಮಾಡಿ ಬಂದು ಮಧ್ಯಾಹ್ನ ಪಂದ್ಯಕ್ಕೆ ಕೂರುವವನಿಗೆ ಅದರಲ್ಲಿ ನಿಜವಾದ ಆಶ್ರಯವುಂಟು, ದೊಡ್ಡವರೂ ಅದನ್ನು ಆಡಿದ್ದಾರೆ. ಆದರೆ ಎದುರಿನವನು ಏನು ಮಾಡುತ್ತಾನೆಂಬುದನ್ನು ನೋಡದೆಯೇ ಎಂಟು ನಡೆಗಳನ್ನು ಆಡಬಹುದೆಂಬ ಗುಣ, ಬೆಳೆಯಬೇಕೆನ್ನುವವನಿಗೆ ದೋಷವೇ. ನೋಡುವ ಅಭ್ಯಾಸವನ್ನು ಬೆಳೆಸಿಕೊಳ್ಳಬೇಕಾದ ವಯಸ್ಸಿನಲ್ಲಿ ನೋಡದಿರುವ ಅಭ್ಯಾಸವನ್ನು ಏಕೆ ಬೆಳೆಸಬೇಕು?

ಶಹಾಬಾದಿನವರು: ಇದೇ ಮಾತನ್ನು ನಾನು ಇನ್ನೂ ಮುಂದಕ್ಕೆ ಕೊಂಡುಹೋಗುತ್ತೇನೆ. ಇಬ್ಬರೂ ರಾಜನ ಮುಂದಿನ ಕಾಲಾಳನ್ನು ಎರಡು ಮನೆ ನೂಕುವ ತೆರೆದ ಆಟಗಳನ್ನು ಆಡದವನು ಚದುರಂಗ ಕಲಿತವನೇ ಅಲ್ಲ. ಇಟಾಲಿಯನ್ ಆಟದಲ್ಲಿ ಎರಡು ಕಡೆಯ ಒಂಟೆಗಳೂ ಸಿ-ಸಾಲಿಗೆ ಬಂದ ಮೇಲೆ, ನಾಲ್ಕನೆಯ ನಡೆಯಲ್ಲಿ ಬಿ4 ಎಂದು ಒಂದು ಕಾಲಾಳನ್ನು ಕೈಯಾರೆ ಕೊಟ್ಟುಬಿಡುವುದು ಇವಾನ್ಸ್ ಗ್ಯಾಂಬಿಟ್. ಹತ್ತೊಂಬತ್ತನೆಯ ಶತಮಾನದಲ್ಲಿ ವಿಲಿಯಂ ಇವಾನ್ಸ್ ಎಂಬ ಹಡಗಿನ ಕ್ಯಾಪ್ಟನ್ ಕಂಡುಹಿಡಿದದ್ದು. ಕೊಟ್ಟ ಕಾಲಾಳಿಗೆ ಪ್ರತಿಯಾಗಿ ಸಿ3, ಡಿ4 ಎಂದು ನಡುಮನೆಗಳನ್ನು ಹಿಡಿಯಲು ಕಾಲ ದೊರೆಯುತ್ತದೆ. ಆ ಕಾಲವನ್ನು ಆಲಸ್ಯದಿಂದ ಕಳೆದರೆ ಕಾಲಾಳೂ ಹೋಯಿತು, ಆಟವೂ ಹೋಯಿತು. ಒಂದು ನಡೆಯ ಬೆಲೆಯೇನೆಂಬುದನ್ನು ಇಷ್ಟು ಸ್ಪಷ್ಟವಾಗಿ ಕಲಿಸುವ ಗುರು ಬೇರೆ ಇಲ್ಲ. ನಿಮ್ಮ ಅಸ್ಥಿಪಂಜರದ ವಿಚಾರ ಬಲಿತವರಿಗೆ ಸರಿ.

ಸೇಡಮಿನವರು: ಮೊದಲ ಎರಡು ವರ್ಷ ಹುಡುಗರಿಗೆ ತೆರೆದ ಆಟಗಳನ್ನೇ ಕಲಿಸಬೇಕೆಂಬುದರಲ್ಲಿ ನನಗೆ ನಿಮ್ಮೊಡನೆ ವಿವಾದವಿಲ್ಲ. ಈ ತರುಣನು ಆ ಘಟ್ಟವನ್ನು ದಾಟಿದ್ದಾನೆ. ಎರಡು ನಡೆಯ ಯುಕ್ತಿಗೆ ಈಗ ಸುಲಭವಾಗಿ ಬೀಳುವುದಿಲ್ಲ. ಅವನು ಸೋಲುವುದು ಮೂವತ್ತನೆಯ ನಡೆಯ ಆಸುಪಾಸಿನಲ್ಲಿ, ಏನು ಮಾಡಬೇಕೆಂದು ತಿಳಿಯದೆ ಸುಮ್ಮನೆ ಆನೆಯನ್ನು ಅತ್ತಿತ್ತ ಸರಿಸುತ್ತಿರುವಾಗ. ಅವನ ಬರಹದ ಹಾಳೆಗಳನ್ನು ನೋಡಿಯೇ ಹೇಳುತ್ತಿದ್ದೇನೆ.

ವಾಡಿಯವನು: ಅದು ನಿಜ. ಯಾವ ಅಸ್ಥಿಪಂಜರವನ್ನು ಆರಿಸಲಿ?

ಸೇಡಮಿನವರು: ಬಿಳಿಯಲ್ಲೂ ಕಪ್ಪಿನಲ್ಲೂ ಒಂದೇ ಆಕಾರ ಬರುವಂಥದನ್ನು. ಹಾಸಿನ ಮೇಲೆ ತೋರಿಸುತ್ತೇನೆ, ಕಾಯಿಗಳನ್ನೆಲ್ಲ ತೆಗೆಯಿರಿ, ಕಾಲಾಳುಗಳಷ್ಟೇ ಇರಲಿ. ಬಿಳಿ ಡಿ4 ಆಡಿತು, ಕಪ್ಪು ಡಿ5. ಬಿಳಿ ಸಿ4, ಕಪ್ಪು ಇ6. ಇದು ಮಂತ್ರಿಯ ಗ್ಯಾಂಬಿಟ್ಟನ್ನು ನಿರಾಕರಿಸುವ ಕ್ರಮ. ಕುದುರೆಗಳು ಹೊರಬಂದ ಮೇಲೆ ಬಿಳಿಯ ಸಿ-ಕಾಲಾಳು ಡಿ5ನ್ನು ಹೊಡೆಯುತ್ತದೆ, ಕಪ್ಪಿನ ಇ-ಕಾಲಾಳು ಮರಳಿ ಹೊಡೆಯುತ್ತದೆ. ಮುಂದೆ ಕಪ್ಪು ಸಿ6 ಎಂದು ಊರೆ ಕೊಡುತ್ತದೆ, ಬಿಳಿ ಇ3 ಎಂದು ನಿಲ್ಲುತ್ತದೆ. ಈಗ ಎಣಿಸಿ: ಮಂತ್ರಿಯ ಪಕ್ಕದಲ್ಲಿ ಬಿಳಿಗೆ ಎ, ಬಿ ಎಂದು ಎರಡು ಕಾಲಾಳು, ಕಪ್ಪಿಗೆ ಎ, ಬಿ, ಸಿ ಎಂದು ಮೂರು. ಇದಕ್ಕೆ ಕಾರ್ಲ್ಸ್‌ಬಾಡ್ ರಚನೆಯೆಂದು ಹೆಸರು. ಇಲ್ಲಿ ಬಿಳಿಯ ಉಪಾಯ, ಮೊದಲ ಬಾರಿಗೆ ಕೇಳುವವನಿಗೆ ವಿಪರೀತವೆನಿಸುವಂಥದು: ಅಲ್ಪಸಂಖ್ಯೆಯ ಎರಡು ಕಾಲಾಳುಗಳಿಂದ ಬಹುಸಂಖ್ಯೆಯ ಮೂರರ ಮೇಲೆ ದಾಳಿ. ಬಿ4, ಅಲ್ಲಿಂದ ಬಿ5. ಕಪ್ಪು ಆ ಕಾಲಾಳನ್ನು ಸಿ6ರಿಂದ ಹೊಡೆದರೆ ಡಿ5ರ ಕಾಲಾಳು ಊರೆಯಿಲ್ಲದೆ ಒಂಟಿಯಾಗುತ್ತದೆ. ಹೊಡೆಯದಿದ್ದರೆ ಬಿಳಿಯೇ ಸಿ6ರಲ್ಲಿ ಹೊಡೆಯುತ್ತದೆ. ಕಪ್ಪು ಬಿ7ರಿಂದ ಮರಳಿ ಹೊಡೆದೊಡನೆ ಸಿ6ರ ಕಾಲಾಳಿಗೆ ಪಕ್ಕದ ಕಾಲಾಳಿನ ಕಾವಲಿಲ್ಲ, ಎದುರಿನ ಸಾಲು ಬಿಳಿಯ ಸಿ1ರ ಆನೆಗೆ ತೆರೆದಿದೆ. ಇಷ್ಟನ್ನು ತಿಳಿದವನಿಗೆ ಹದಿನೈದನೆಯ ನಡೆಯಿಂದ ಮೂವತ್ತನೆಯ ನಡೆಯವರೆಗೆ ಮಾಡಲು ಕೆಲಸವಿದೆ. ಆನೆಯನ್ನು ಸುಮ್ಮನೆ ಸರಿಸುತ್ತ ಕೂರಬೇಕಾಗಿಲ್ಲ.

ಚಿಂಚೋಳಿಯವರು: ಕಪ್ಪಿನವನು ಕೈಕಟ್ಟಿ ಕೂರುತ್ತಾನೆಯೇ?

ಸೇಡಮಿನವರು: ಕೂರಬಾರದು. ಅವನು ಕುದುರೆಯೊಂದನ್ನು ಡಿ6ಕ್ಕೆ ತಂದರೆ ಬಿ5, ಸಿ4, ಇ4 ಮೂರು ಮನೆಗಳನ್ನೂ ಅದು ಕಾಯುತ್ತದೆ. ಇ-ಸಾಲು ಅವನ ಆನೆಗೆ ತೆರೆದಿದೆ, ಇ4ರಲ್ಲಿ ಕುದುರೆ ನೆಲೆಸಿತೆಂದರೆ ಬಿಳಿಯ ರಾಜನ ಮೇಲೆ ಸೈನ್ಯ ಬರುತ್ತದೆ. ಎರಡು ಪಕ್ಷಕ್ಕೂ ಸ್ಪಷ್ಟವಾದ ಕರ್ತವ್ಯವಿರುವುದೇ ಈ ರಚನೆಯ ಸೊಗಸು. ಈಗ ಹಾಸನ್ನು ತಿರುಗಿಸಿ. ಬಿಳಿ ಇ4, ಕಪ್ಪು ಸಿ6: ಕಾರೊ-ಕಾನ್ ರಕ್ಷಣೆ. ಬಿಳಿ ಡಿ4, ಕಪ್ಪು ಡಿ5. ಬಿಳಿ ಡಿ5ರಲ್ಲಿ ಹೊಡೆಯುತ್ತದೆ, ಕಪ್ಪು ಸಿ-ಕಾಲಾಳಿನಿಂದ ಮರಳಿ ಹೊಡೆಯುತ್ತದೆ. ಬಿಳಿ ಸಿ3, ಕಪ್ಪು ಇ6. ಏನು ಕಾಣುತ್ತದೆ?

ವಾಡಿಯವನು: ಅದೇ ಆಕಾರ! ಈಗ ಎರಡು ಕಾಲಾಳು ಕಪ್ಪಿಗೆ, ಮೂರು ಬಿಳಿಗೆ. ಬಿ5, ಬಿ4 ಎಂದು ನಾನೇ ದಾಳಿ ಮಾಡಬೇಕು, ಗುರಿ ಸಿ3.

ಸೇಡಮಿನವರು: ಬಿಳಿಯಲ್ಲಿ ನೀನು ಕಲಿತದ್ದು ಕಪ್ಪಿನಲ್ಲಿ ಉಪಯೋಗಕ್ಕೆ ಬಂತು; ಕಪ್ಪಿನಲ್ಲಿ ಎದುರಾಳಿ ನಿನ್ನನ್ನು ಹೊಡೆದ ಬಗೆಯನ್ನು ನೋಡಿ ಬಿಳಿಯಲ್ಲಿ ಎಚ್ಚರವಾಗಿದ್ದೆ. ಒಂದು ಗಂಟೆಯ ಅಭ್ಯಾಸಕ್ಕೆ ಎರಡು ಗಂಟೆಯ ಫಲ. ಈ ಪಕ್ಷದ ಸೋಲನ್ನೂ ಅಭ್ಯಾಸ ಮಾಡು: 1970ರಲ್ಲಿ ಬೆಲ್‌ಗ್ರೇಡಿನಲ್ಲಿ ಸೋವಿಯತ್ ಒಕ್ಕೂಟಕ್ಕೂ ಉಳಿದ ಜಗತ್ತಿಗೂ ನಡೆದ ಪಂದ್ಯದಲ್ಲಿ ಫಿಶರ್ ಬಿಳಿ ಹಿಡಿದು ಪೆಟ್ರೋಸಿಯಾನನ ಕಾರೊ-ಕಾನನ್ನು ಈ ಬದಲಾವಣೆಯ ಮಾರ್ಗದಿಂದಲೇ ಮುರಿದನು. ಹನ್ನೊಂದನೆಯ ನಡೆಯಲ್ಲಿ ಎ4 ಎಂದು ಮಂತ್ರಿಯ ಪಕ್ಕದಲ್ಲಿ ಎದುರಾಳಿಯ ಉಸಿರು ಕಟ್ಟಿ, ಆಮೇಲೆ ಕುದುರೆಯನ್ನು ಇ5ರಲ್ಲಿ ಕೂರಿಸಿದನು. ಅಂದು ಪೆಟ್ರೋಸಿಯಾನನಿಗೆ ದೊರೆಯದ ಬಿಡುವನ್ನು ನೀನು ಮೊದಲೇ ದೊರಕಿಸಿಕೊಳ್ಳುವುದು ಹೇಗೆಂದು ಯೋಚಿಸುವುದೇ ಒಂದು ವಾರದ ಕೆಲಸ. ಇನ್ನು ಚಿಂಚೋಳಿಯವರು ಹೇಳಿದ ಸುಲ್ತಾನ್ ಖಾನನ ಆಟ. ಕಾಪಾಬ್ಲಾಂಕಾನ ಎದುರು ಅವನು ಐದನೆಯ ನಡೆಯಲ್ಲಿ ಎ3 ಎಂದು ಒಂದೇ ಮನೆ ಸರಿದನು, ಆರನೆಯದರಲ್ಲಿ ಸಿ-ಕಾಲಾಳಿನಿಂದ ಡಿ5ನ್ನು ಹೊಡೆದನು, ಕಾಪಾಬ್ಲಾಂಕಾ ಇ-ಕಾಲಾಳಿನಿಂದ ಮರಳಿ ಹೊಡೆದನು. ಹಾಸಿನಲ್ಲಿ ಇಟ್ಟು ನೋಡಿ.

ಚಿಂಚೋಳಿಯವರು: ಎರಡಕ್ಕೆ ಮೂರು! ಆರಂಭ ಬಾರದೆಂದು ಹೇಳಿಸಿಕೊಂಡವನು ನಿಂತದ್ದು ಇದೇ ನೆಲದ ಮೇಲೆಯೇ?

ಸೇಡಮಿನವರು: ಹೆಸರುಗಳು ಅವನಿಗೆ ಅಪರಿಚಿತವಾಗಿದ್ದವು, ಕಾಲಾಳುಗಳು ಅಪರಿಚಿತವಾಗಿರಲಿಲ್ಲ. ಆಟವೇ 65 ನಡೆಗಳವರೆಗೆ ಸಾಗಿತು. ಮಾರ್ಗ ಬೇರೆಯಾದರೂ ರಚನೆ ಒಂದೇ ಬರಬಹುದೆಂಬುದಕ್ಕೂ ಇದು ಉದಾಹರಣೆ. ಸೇಡಮಿನಿಂದ ಮಳಖೇಡದ ಮೇಲೆ ಬಸ್ಸಿನಲ್ಲಿ ಹೋದವನೂ ಕಲಬುರಗಿ ಮುಟ್ಟುತ್ತಾನೆ. ಚಿತ್ತಾಪುರ, ವಾಡಿ, ಶಹಾಬಾದಿನ ಮೇಲೆ ರೈಲಿನಲ್ಲಿ ಹೋದವನೂ ಮುಟ್ಟುತ್ತಾನೆ. ಇಳಿದ ಮೇಲೆ ಇಬ್ಬರಿಗೂ ಊರು ಒಂದೇ. ಕಾರೊ-ಕಾನಿನಲ್ಲಿ ಬಿಳಿ ನಾಲ್ಕನೆಯ ನಡೆಯಲ್ಲಿ ಸಿ4 ಆಡಿತೆಂದರೆ, ಅದು ಪಾನೋವ್ ದಾಳಿ, ಡಿ4ರ ಒಂಟಿ ಕಾಲಾಳಿನ ರಚನೆಗೆ ನೀನು ಬಂದಿಳಿಯುವ ಸಂಭವವೇ ಹೆಚ್ಚು. ಮಂತ್ರಿಯ ಗ್ಯಾಂಬಿಟ್ಟಿನಿಂದಲೂ ಅಲ್ಲಿಗೇ ದಾರಿಯುಂಟು. ಆದುದರಿಂದ ನಿನ್ನ ಎರಡನೆಯ ರಚನೆ ಅದು. ಅದನ್ನೂ ಎರಡು ಬಣ್ಣದಲ್ಲೂ ಆಡು.

ಶಹಾಬಾದಿನವರು: ನೀವು ಕಪ್ಪಿನವನನ್ನು ಬಹಳ ವಿನಯಶೀಲನನ್ನಾಗಿ ಚಿತ್ರಿಸುತ್ತಿದ್ದೀರಿ. ಬಿಳಿ ಡಿ4 ಆಡಿದೊಡನೆ ಕಪ್ಪು ಡಿ5 ಆಡಲೇಬೇಕೆಂಬ ಶಾಸನವಿಲ್ಲ. ಕುದುರೆ ಎಫ್6, ಜಿ6, ಒಂಟೆ ಜಿ7 ಎಂದು ಕಿಂಗ್ಸ್ ಇಂಡಿಯನ್ ಆಡಿದರೆ ನಿಮ್ಮ ಎರಡಕ್ಕೆ ಮೂರು ಎಲ್ಲಿ?

ಸೇಡಮಿನವರು: ಇಲ್ಲ. ಅಲ್ಲಿ ಅದು ಬರುವುದಿಲ್ಲ, ಬರುತ್ತದೆಂದು ಹೇಳಿದರೆ ಸುಳ್ಳಾಗುತ್ತದೆ. ಆ ಆಟಗಳಿಗೆ ಬೇರೆಯದೇ ಅಭ್ಯಾಸ ಬೇಕು.

ಚಿಂಚೋಳಿಯವರು: ಆ ಹೆಸರು ಬಂದದ್ದೇ ನಮ್ಮ ಕಡೆಯ ಆಟದಿಂದ. ಕಲ್ಕತ್ತೆಯಲ್ಲಿ ಮಹೇಶಚಂದ್ರ ಬಂದ್ಯೋಪಾಧ್ಯಾಯನೆಂಬ ಬಂಗಾಳಿ ಬ್ರಾಹ್ಮಣನು ಜಾನ್ ಕಾಕ್ರೇನ್ ಎಂಬ ಸ್ಕಾಟಿಷ್ ವಕೀಲನೊಡನೆ 1850ರ ದಶಕದಲ್ಲಿ ನೂರಾರು ಆಟಗಳನ್ನು ಆಡಿದನು. ಪ್ಯಾದೆಯನ್ನು ಒಂದೊಂದೇ ಮನೆ ಸರಿಸಿ ಒಂಟೆಯನ್ನು ಉದ್ದನೆಯ ಓರೆದಾರಿಯಲ್ಲಿ ಕೂರಿಸುವುದು ಅವನಿಗೆ ಹುಟ್ಟಿನಿಂದ ಬಂದ ಅಭ್ಯಾಸ. ಕಾಕ್ರೇನ್ ನಡುಮನೆಗಳನ್ನೆಲ್ಲ ಕಾಲಾಳುಗಳಿಂದ ತುಂಬಿಸುತ್ತಿದ್ದನು, ಮಹೇಶಚಂದ್ರ ಅವನ್ನು ದೂರದಿಂದ ಹೊಡೆಯುತ್ತಿದ್ದನು. ನಾನು ಈಗಲೂ ಕಪ್ಪಿನಲ್ಲಿ ಅದನ್ನೇ ಆಡುತ್ತೇನೆ. ಪುಸ್ತಕದಿಂದ ಆರಿಸಿದ್ದಲ್ಲ, ಚಿಕ್ಕಂದಿನಲ್ಲಿ ಕೈಗೆ ಬಂದದ್ದು. ಆರಂಭವನ್ನು ಆರಿಸುವ ಮೊದಲು ತನ್ನ ಕೈ ಎತ್ತ ಹೋಗುತ್ತದೆಂಬುದನ್ನೂ ನೋಡಬೇಕಲ್ಲವೇ?

ಸೇಡಮಿನವರು: ನೋಡಬೇಕು. ಹಿಸುಕಿದ ಸ್ಥಿತಿಯಲ್ಲಿ ಗಂಟೆಗಟ್ಟಲೆ ತಾಳುವ ಸ್ವಭಾವ ನಿಮಗಿದೆ, ಶಹಾಬಾದಿನವರಿಗೆ ಇಲ್ಲ. ಇಲ್ಲದವರು ಕಿಂಗ್ಸ್ ಇಂಡಿಯನ್ ಆಡಬಾರದು. ಆದರೆ ಸ್ವಭಾವವೆಂಬುದನ್ನು ಹುಡುಗರು ಬೇಗ ನಿರ್ಧರಿಸಿಕೊಂಡುಬಿಡುತ್ತಾರೆ. ನಾಲ್ಕು ಆಟ ದಾಳಿ ಮಾಡಿ ಗೆದ್ದೊಡನೆ ತಾನು ದಾಳಿಕಾರನೆಂದು ತಿಳಿಯುತ್ತಾರೆ. ಐದನೆಯದರಲ್ಲಿ ಸೋತೊಡನೆ ಆರಂಭವನ್ನೇ ಬದಲಿಸುತ್ತಾರೆ. ನನಗೆ ನಿಜವಾಗಿ ಸಂಕಟವಾಗುವುದು ಇದನ್ನು ಕಂಡಾಗ. ಬುದ್ಧಿವಂತರಾದ ಮಕ್ಕಳು, ವರ್ಷಕ್ಕೆ ಮೂರು ಆರಂಭಗಳನ್ನು ಬದಲಾಯಿಸಿ, ಒಂದರಲ್ಲೂ ಇಪ್ಪತ್ತನೆಯ ನಡೆಯಾಚೆಯ ಭೂಮಿಯನ್ನು ಕಾಣದೆ ನಿಂತುಬಿಡುವುದನ್ನು ನೋಡಿದ್ದೇನೆ. ಸೋತ ಆಟದ ಹಾಳೆಯನ್ನು ತೆಗೆದು, ಸೋತದ್ದು ಆರಂಭದಿಂದಲೋ ಆಮೇಲೆಯೋ ಎಂದು ಒಮ್ಮೆ ನೋಡಿದ್ದರೆ ಹತ್ತರಲ್ಲಿ ಒಂಬತ್ತು ಸಲ ಬದಲಾಯಿಸುತ್ತಿರಲಿಲ್ಲ.

ವಾಡಿಯವನು: ಹಾಳೆಯನ್ನು ನೋಡುವ ಕ್ರಮ ಯಾವುದು? ಫೋನಿನಲ್ಲಿ ಯಂತ್ರ ಪ್ರತಿಯೊಂದು ನಡೆಗೂ ಒಂದು ಅಂಕಿಯನ್ನು ಕೊಡುತ್ತದೆ.

ಸೇಡಮಿನವರು: ಯಂತ್ರವನ್ನು ಕೊನೆಗೆ ಕೇಳು. ಮೊದಲು ನೀನೇ ಒಂದು ಗೆರೆ ಎಳೆ: ಇಲ್ಲಿಯವರೆಗೆ ನನಗೆ ತಿಳಿದಿತ್ತು, ಇಲ್ಲಿಂದ ತಿಳಿದಿರಲಿಲ್ಲ. ಗೆರೆ ಏಳನೆಯ ನಡೆಯಲ್ಲಿ ಬಿದ್ದರೆ ಎಂಟನೆಯದನ್ನು ಮಾತ್ರ ಕಲಿ, ಅದೂ ಏಕೆಂದು ತಿಳಿದು. ಹನ್ನೆರಡರವರೆಗೆ ಹೋಗಬೇಡ. ನಿನ್ನ ಮಟ್ಟದ ಎದುರಾಳಿಗಳು ನಿನ್ನನ್ನು ಎಂಟರಾಚೆ ಕೊಂಡೊಯ್ಯತೊಡಗಿದಾಗ ಒಂಬತ್ತನ್ನು ಕಲಿಯುವೆ. ಹೀಗೆ ನಿನ್ನ ಆರಂಭ ನಿನ್ನ ಆಟಗಳಿಂದಲೇ ಉದ್ದವಾಗುತ್ತದೆ, ಬೇರೆಯವರ ಪುಸ್ತಕದಿಂದಲ್ಲ. ಆಮೇಲೆ ಯಂತ್ರವನ್ನು ತೆರೆದರೆ ಅದರ ಅಂಕಿಗೆ ಅರ್ಥವಿರುತ್ತದೆ. ಉಳಿದ ಸಮಯವನ್ನು ಅಂತ್ಯದ ಆಟಗಳಿಗೆ ಕೊಡು.

ಶಹಾಬಾದಿನವರು: ಆಗಲಿ. ಆದರೆ ಇವನು ಕಾರೊ-ಕಾನ್ ಆಡುತ್ತಾನೆಂದು ನನಗೆ ಈಗ ತಿಳಿಯಿತು. ನಾನು ಡಿ5ರಲ್ಲಿ ಹೊಡೆದು ನಿಮ್ಮ ಎರಡಕ್ಕೆ ಮೂರನ್ನು ಕೈಯಾರೆ ಕೊಡುವವನಲ್ಲ. ಮೂರನೆಯ ನಡೆಯಲ್ಲಿ ಇ5 ಎಂದು ಕಾಲಾಳನ್ನು ಮುಂದೊತ್ತುತ್ತೇನೆ.

ವಾಡಿಯವನು: ನನ್ನ ಒಂಟೆಯನ್ನು ಎಫ್5ಕ್ಕೆ ತರುತ್ತೇನೆ, ಇ6 ಆಡಿ ಅದರ ದಾರಿಯನ್ನು ಮುಚ್ಚಿಕೊಳ್ಳುವ ಮೊದಲು.

ಶಹಾಬಾದಿನವರು: ಕುದುರೆ ಸಿ3. ನೀನು ಇ6 ಆಡು, ನಾನು ಜಿ4 ಎಂದು ಒಂಟೆಯನ್ನು ಅಟ್ಟುತ್ತೇನೆ.

ವಾಡಿಯವನು: ಜಿ6ಕ್ಕೆ ಹಿಂದೆ ಸರಿಯುತ್ತೇನೆ. ನೀವು ಇನ್ನೊಂದು ಕುದುರೆಯನ್ನು ಇ2ಕ್ಕೆ ತಂದು ಅದರ ಮೇಲೆ ಕಣ್ಣಿಡುತ್ತೀರಿ.

ಸೇಡಮಿನವರು: ಆಗ ಅವರ ರಾಜನ ಪಕ್ಕದ ಕಾಲಾಳುಗಳು ಎಲ್ಲಿವೆ, ನೋಡು. ಜಿ4ಕ್ಕೆ ಹೋದದ್ದು ಜಿ2ಕ್ಕೆ ಮರಳದು. ಸಿ5 ಆಡಿ ಡಿ4ನ್ನು ಹೊಡೆ. ಅವರು ಪಕ್ಕದಲ್ಲಿ ಓಡುತ್ತಿರುವಾಗ ನಡುಮನೆ ತೆರೆಯಬೇಕು.

ಶಹಾಬಾದಿನವರು: ಕಾಯಿಗಳನ್ನು ಇಡಿ. ಬಿಳಿ ನನಗಿರಲಿ, ಗಡಿಯಾರವೂ ಬೇಡ.